ಬಿತ್ತದೆ ಹುಟ್ಟಿದ ಗಿಡ, ಕೇಳದೆ ಬಿಟ್ಟ ಕಾಯಿ

ಕೈತೋಟದಲ್ಲಿ ತಾವು ನಿರೀಕ್ಷಿಸದ ಕಾಯಿಯೊಂದು ಕಾಣಿಸಿಕೊಂಡಿದೆ, ಅದು ಯಾವುದು, ತಿನ್ನಬಹುದೇ, ಕೀಳಬೇಕೇ ಎಂದು ಕೇಳಿದ ಪತ್ರಗಳಲ್ಲಿ ನಾಲ್ಕನ್ನು ಈ ಸಂಚಿಕೆಗೆ ಆರಿಸಿಕೊಳ್ಳಲಾಗಿದೆ. ಮೊದಲನೆಯ ಪತ್ರದಲ್ಲಿರುವ ಗಿಡದ ಬಗ್ಗೆಯೇ ಇನ್ನೂ ಹಲವರು ಬರೆದಿರುವುದರಿಂದ ಅದಕ್ಕೆ ಕೊಟ್ಟ ಉತ್ತರ ದೀರ್ಘವಾಗಿದೆ. ಅವರೂ ಅದನ್ನೇ ತಮ್ಮ ಉತ್ತರವೆಂದು ಭಾವಿಸಬೇಕಾಗಿ ಕೋರುತ್ತೇವೆ.

ಪ್ರಶ್ನೆ: ಟೊಮೆಟೊ ಸಾಲುಗಳ ನಡುವೆ ನಾನು ನೆಡದ ಗಿಡವೊಂದು ಬೆಳೆದಿದೆ. ಸಸಿಯಾಗಿದ್ದಾಗ ಮೆಣಸಿನ ಗಿಡದಂತೆ ಕಂಡದ್ದರಿಂದ ಕಳೆ ತೆಗೆಯುವಾಗ ಅದನ್ನು ಉಳಿಸಿಕೊಂಡೆ. ಈಗ ಮೊಣಕಾಲೆತ್ತರಕ್ಕೆ ಬಂದು ಕವಲೊಡೆದಿದೆ. ಗೆಣ್ಣುಗೆಣ್ಣಿಗೂ ಕಾಗದದ ಲಾಟೀನಿನಂಥ ಹಸಿರು ಬುಡ್ಡೆಗಳು ಕೆಳಮುಖವಾಗಿ ತೂಗುತ್ತಿವೆ. ಒಂದನ್ನು ಸೀಳಿ ನೋಡಿದರೆ ಒಳಗೆ ಗೋಲಿಗಿಂತ ಚಿಕ್ಕದಾದ ಹಸಿರು ಕಾಯಿ ಇದೆ. ಮೊಬೈಲಿನ ಆ್ಯಪ್ ಒಮ್ಮೆ ಇದನ್ನು ಟೊಮ್ಯಾಟಿಲ್ಲೊ ಎಂದಿತು, ಇನ್ನೊಮ್ಮೆ ಅಶ್ವಗಂಧ ಎಂದಿತು. ಎಲೆ, ಕಾಂಡ, ಹೂವು ಮತ್ತು ಸೀಳಿದ ಬುಡ್ಡೆಯ ಚಿತ್ರಗಳನ್ನು ಲಗತ್ತಿಸಿದ್ದೇನೆ. ಇದು ಯಾವ ಗಿಡ? ಕಾಯಿಯನ್ನು ತಿನ್ನಬಹುದೇ? ಟೊಮೆಟೊ ಬೆಳೆಗೆ ಇದರಿಂದ ತೊಂದರೆಯಿದೆಯೇ?

ಉತ್ತರ: ಇದು ಟೊಮೆಟೊ, ಬದನೆ, ಮೆಣಸಿನಕಾಯಿಗಳ ಕುಟುಂಬಕ್ಕೇ ಸೇರಿದ ಫೈಸಾಲಿಸ್ ಎಂಬ ಕುಲದ ಗಿಡ, ಗುಪ್ಪಟೆ ಗಿಡ, ಬುಡ್ಡೆ ಹಣ್ಣಿನ ಗಿಡ ಎಂದು ಕರೆಯುವ ಗುಂಪು ಇದೇ. ಆ ಕುಲದ ಹಲವು ಪ್ರಭೇದಗಳ ಪೈಕಿ ನಿಮ್ಮಲ್ಲಿರುವುದು ಫೈಸಾಲಿಸ್ ಅಂಗುಲೇಟ ಎಂದು ಚಿತ್ರಗಳಿಂದ ತೋರುತ್ತದೆ. ಹೀಗೆ ಹೇಳುವುದಕ್ಕೆ ಕಾಯಿಗಿಂತ ಹೂವು ಮತ್ತು ಕಾಂಡಗಳ ಚಿತ್ರಗಳೇ ಹೆಚ್ಚು ನೆರವಾದವು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಬಹುತೇಕ ಓದುಗರು ಕಾಯಿಯ ಚಿತ್ರವೊಂದನ್ನೇ ಕಳಿಸಿ ಹೆಸರು ಕೇಳುತ್ತಾರೆ.

ನೀವು ಬುಡ್ಡೆ ಎಂದು ಕರೆದಿರುವ ಹೊದಿಕೆ ಹಣ್ಣಿನ ಭಾಗವಲ್ಲ, ಹೂವಿನದು. ಮೊಗ್ಗಿನ ಬುಡದಲ್ಲಿರುವ ಐದು ಹಸಿರು ಪುಷ್ಪಪತ್ರಗಳು ಈ ಕುಟುಂಬದಲ್ಲಿ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಬದನೆಕಾಯಿಯ ತೊಟ್ಟಿನಲ್ಲಿ ಟೊಪ್ಪಿಗೆಯಾಗಿ ಕಾಣುವುದೂ, ಟೊಮೆಟೊ ಹಣ್ಣಿನ ನೆತ್ತಿಯ ಮೇಲೆ ಐದು ಕಿರಿಯ ಎಲೆಗಳಂತೆ ಕಾಣುವುದೂ ಅವೇ. ಫೈಸಾಲಿಸ್‌ನಲ್ಲಿ ಮಾತ್ರ ಹೂದಳ ಉದುರಿದ ಮೇಲೆ ಅವು ಬೆಳೆಯುತ್ತಲೇ ಹೋಗಿ, ಕಾಯಿಗಿಂತ ವೇಗವಾಗಿ ಉಬ್ಬಿ, ಅದನ್ನು ಪೂರ್ತಿಯಾಗಿ ಒಳಗೆ ಹಾಕಿಕೊಂಡು ತುದಿಯಲ್ಲಿ ಮುಚ್ಚಿಕೊಳ್ಳುತ್ತವೆ. ಎಳೆಯ ಬುಡ್ಡೆ ಒಡೆದರೆ ಬಹುಪಾಲು ಗಾಳಿಯೇ ತುಂಬಿರುವುದು ಇದರಿಂದ. ಈ ಏರ್ಪಾಟು ಬಹಳ ಹಳೆಯದು: ದಕ್ಷಿಣ ಅಮೆರಿಕದ ತುದಿಗೆ ಸಮೀಪದ ಪ್ಯಾಟಗೋನಿಯ ಪ್ರದೇಶದಲ್ಲಿ ಸುಮಾರು 5.2 ಕೋಟಿ ವರ್ಷಗಳಷ್ಟು ಹಳೆಯ ಬಂಡೆಯಲ್ಲಿ ಬುಡ್ಡೆಸಹಿತವಾದ ಇಂಥ ಹಣ್ಣಿನ ಪಳೆಯುಳಿಕೆ ಸಿಕ್ಕಿರುವುದನ್ನು ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದರು.

ಬುಡ್ಡೆ ಇದ್ದ ಮಾತ್ರಕ್ಕೆ ಗಿಡ ಫೈಸಾಲಿಸ್ ಆಗಬೇಕಾಗಿಲ್ಲ. ಆ್ಯಪ್ ಸೂಚಿಸಿದ ಅಶ್ವಗಂಧದಲ್ಲಿಯೂ ಕಾಯಿ ಹೊದಿಕೆಯೊಳಗೇ ಇರುತ್ತದೆ. ಆದರೆ ಅಶ್ವಗಂಧದ ಹೂವುಗಳು ತೀರ ಚಿಕ್ಕವು, ಹಸಿರು ಮಿಶ್ರಿತ ಹಳದಿ, ಒಂದೇ ಗೆಣ್ಣಿನಲ್ಲಿ ಹಲವು ಗುಂಪಾಗಿ ಮೂಡುವಂಥವು. ಎಳೆಯ ಕಾಂಡವೂ ಬೂದಿ ಬಳಿದಂತೆ ಒತ್ತಾದ ರೋಮಗಳಿಂದ ಕೂಡಿರುತ್ತದೆ. ನಿಮ್ಮ ಚಿತ್ರದಲ್ಲಿ ಗೆಣ್ಣಿಗೆ ಒಂದೇ ಹೂವು, ಸಣ್ಣ ತೊಟ್ಟಿನಲ್ಲಿ ತಲೆ ಬಾಗಿಸಿಕೊಂಡಿದೆ. ಕಾಂಡ ನುಣುಪಾಗಿದ್ದು ಅಂಚುಗಳು ಎದ್ದು ಕಾಣುತ್ತವೆ. ಆದ್ದರಿಂದ ಅಶ್ವಗಂಧದ ಮಾತು ಅಲ್ಲಿಗೆ ಮುಗಿಯಿತು. ಇನ್ನೊಂದು ಗಿಡ ನಿಕಾಂಡ್ರ. ಇದನ್ನು ಗುಪ್ಪಟೆಯೆಂದು ತಪ್ಪು ತಿಳಿಯುವುದು ಅಪಾಯಕರ, ಏಕೆಂದರೆ ಅದು ವಿಷಕಾರಿ. ಅದರ ಹೂವು ನೀಲಿ ಅಥವಾ ತಿಳಿ ನೇರಳೆ, ಗಂಟಲು ಬಿಳಿ; ಬುಡ್ಡೆಯು ಒಂದೇ ಚೀಲವಾಗಿರದೆ ಐದು ರೆಕ್ಕೆಗಳಾಗಿ ತೊಟ್ಟಿನವರೆಗೂ ಸೀಳಿದಂತಿರುತ್ತದೆ; ಒಳಗಿನ ಹಣ್ಣು ರಸಭರಿತವಾಗದೆ ಒಣಗಿ ಕಂದಾಗುತ್ತದೆ. ಹಳದಿ ಹೂವು ಕಣ್ಣಾರೆ ಕಂಡಿದ್ದರೆ ನಿಕಾಂಡ್ರದ ಭಯವಿಲ್ಲ. ಅಗ್ನಿಬಳ್ಳಿಯ ಹಣ್ಣೂ ಗಾಳಿ ತುಂಬಿದ ಬುಡ್ಡೆಯೇ. ಆದರೆ ಅದು ನುಲಿಬಳ್ಳಿ ಬಿಟ್ಟು ಹಬ್ಬುವ ಬಳ್ಳಿ, ಒಳಗೆ ತಿರುಳಿಲ್ಲ, ಕಪ್ಪು ಬೀಜದ ಮೇಲೆ ಬಿಳಿ ಮಚ್ಚೆ ಇರುತ್ತದೆ.

ಇನ್ನು ಕುಲದೊಳಗಿನ ಪ್ರಭೇದವನ್ನು ಗೊತ್ತುಮಾಡಬೇಕು. ಟೊಮ್ಯಾಟಿಲ್ಲೊ ಎಂಬುದು ಮೆಕ್ಸಿಕೊ ಮೂಲದ ಫೈಸಾಲಿಸ್ ಫಿಲಡೆಲ್ಫಿಕ. ಅದರಲ್ಲಿ ಕಾಯಿ ಬೆಳೆದಂತೆ ಬುಡ್ಡೆಯನ್ನು ತುಂಬಿ, ಎಷ್ಟೋ ಸಲ ಅದನ್ನು ಹರಿದು ಹೊರಬರುತ್ತದೆ, ಮುಟ್ಟಿದರೆ ಮೈ ಅಂಟಂಟಾಗಿರುತ್ತದೆ. ಅದಕ್ಕಿಂತ ಮುಖ್ಯವಾದ ಸುಳಿವು ನಿಮ್ಮ ಪತ್ರದಲ್ಲಿಯೇ ಇದೆ. ಟೊಮ್ಯಾಟಿಲ್ಲೊ ತನ್ನದೇ ಪರಾಗವನ್ನು ಸ್ವೀಕರಿಸುವುದಿಲ್ಲ. ಹತ್ತಿರದಲ್ಲಿ ಇನ್ನೊಂದು ಟೊಮ್ಯಾಟಿಲ್ಲೊ ಗಿಡ ಇಲ್ಲದಿದ್ದರೆ ಹೂವು ಬಿಟ್ಟರೂ ಕಾಯಿ ಕಟ್ಟುವುದು ಅಪರೂಪ. ಒಂಟಿ ಗಿಡ ಗೆಣ್ಣುಗೆಣ್ಣಿಗೂ ಕಾಯಿ ಬಿಟ್ಟಿದೆ ಎಂದರೆ ಆ ಸಾಧ್ಯತೆ ಬಹುಮಟ್ಟಿಗೆ ದೂರವಾಯಿತು. ಕೇಪ್ ಗೂಸ್‌ಬೆರಿ ಎಂಬ ಹೆಸರಿನಲ್ಲಿ ಬೆಳೆಸುವ ಫೈಸಾಲಿಸ್ ಪೆರುವಿಯಾನವೂ ಇದಲ್ಲ. ಆಂಡಿಸ್ ಪರ್ವತಶ್ರೇಣಿಯಿಂದ ಬಂದ ಆ ಗಿಡದ ಎಲೆ, ಕಾಂಡ, ಬುಡ್ಡೆಗಳೆಲ್ಲ ಮಖಮಲ್ಲಿನ ಸ್ಪರ್ಶ ಕೊಡುವಷ್ಟು ರೋಮಮಯವಾಗಿದ್ದು, ಎಲೆಯ ಬುಡ ಹೃದಯಾಕಾರದಲ್ಲಿರುತ್ತದೆ, ಹಳದಿ ಹೂವಿನೊಳಗೆ ಐದು ದಟ್ಟ ಕಂದು ಮಚ್ಚೆಗಳು ದೂರದಿಂದಲೇ ಕಾಣುತ್ತವೆ. ನಿಮ್ಮ ಗಿಡದ ಹೂವು ಚಿಕ್ಕದು, ಬಣ್ಣ ತಿಳಿ ಹಳದಿ, ಮಚ್ಚೆಗಳು ಇದ್ದೂ ಇಲ್ಲದಂತಿವೆ. ಉಗುರಿನಿಂದ ಸೀಳಿದ ಬುಡ್ಡೆಯ ಚಿತ್ರವನ್ನು ದೊಡ್ಡದು ಮಾಡಿ ನೋಡಿದಾಗ ತೊಟ್ಟಿನಿಂದ ತುದಿಯವರೆಗೆ ಹತ್ತು ಏಣುಗಳು ಹರಿದಿರುವುದೂ, ಅವುಗಳ ನಡುವಿನ ಸಣ್ಣ ನರಗಳಿಗೆ ನೇರಳೆ ಬಣ್ಣ ಹತ್ತಿರುವುದೂ ಕಂಡಿತು. ನುಣುಪಾದ ಏಣುಳ್ಳ ಕಾಂಡ, ಅಂಚಿನಲ್ಲಿ ಅಲ್ಲಲ್ಲಿ ಹಲ್ಲುಳ್ಳ ತೆಳು ಎಲೆ, ನೇರಳೆ ನರದ ಬುಡ್ಡೆ, ಈ ಮೂರೂ ಒಟ್ಟಿಗೆ ಇರುವುದರಿಂದ ಅಂಗುಲೇಟ ಎಂದದ್ದು.

ತಿನ್ನುವ ವಿಚಾರ. ಈ ಕುಲದ ಎಲೆ, ಕಾಂಡ, ಬುಡ್ಡೆ ಮತ್ತು ಹಸಿರು ಕಾಯಿಗಳಲ್ಲಿ ಕಹಿಯಾದ, ಹೊಟ್ಟೆ ಕೆಡಿಸುವ ರಾಸಾಯನಿಕಗಳಿರುತ್ತವೆ. ಅವು ಯಾವುವೂ ತಿನ್ನಲು ತಕ್ಕವಲ್ಲ. ಪೂರ್ತಿ ಹಣ್ಣಾದದ್ದನ್ನು ಮಾತ್ರ ತಿನ್ನುವ ರೂಢಿಯಿದೆ. ಹಣ್ಣಾಯಿತೆಂದು ತಿಳಿಯುವುದು ಸುಲಭ, ಏಕೆಂದರೆ ಆ ಕೆಲಸವನ್ನು ಗಿಡವೇ ಮಾಡಿಕೊಡುತ್ತದೆ: ಬುಡ್ಡೆ ಒಣಹುಲ್ಲಿನ ಬಣ್ಣಕ್ಕೆ ತಿರುಗಿ ತೆಳುವಾಗುತ್ತದೆ, ಒಳಗಿನ ಹಣ್ಣು ಹಸಿರು ಕಳೆದು ಹಳದಿಗೆ ಬರುತ್ತದೆ, ಬಳಿಕ ಬುಡ್ಡೆಸಹಿತ ಕಳಚಿ ನೆಲಕ್ಕೆ ಬೀಳುತ್ತದೆ. ಕಿತ್ತು ತೆಗೆಯಬೇಕಾದದ್ದು ಇನ್ನೂ ಹಣ್ಣಾಗಿಲ್ಲ ಎಂದೇ ತಿಳಿಯಿರಿ. ಆದರೂ ಒಂದು ಮಾತು. ಚಿತ್ರ ನೋಡಿ ಹೇಳಿದ ಹೆಸರು ಬಾಯಿಗಿಡಲು ಪರವಾನಗಿಯಲ್ಲ. ಗಿಡಗಳನ್ನು ಬಲ್ಲವರೊಬ್ಬರಿಗೆ ಹೂವಿರುವ ರೆಂಬೆಯನ್ನೇ ತೋರಿಸಿ ಖಚಿತಪಡಿಸಿಕೊಂಡ ನಂತರವಷ್ಟೇ ರುಚಿ ನೋಡಿ. ಮಕ್ಕಳಿರುವ ಮನೆಯಾದರೆ ಹಸಿರು ಕಾಯಿ ಅವರ ಕೈಗೆ ಸಿಗದಂತೆ ನೋಡಿಕೊಳ್ಳಿ.

ಗಿಡವನ್ನು ಉಳಿಸಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ ಬೇಡ ಎಂಬುದೇ, ಕನಿಷ್ಠಪಕ್ಷ ಆ ಜಾಗದಲ್ಲಿ ಬೇಡ. ಟೊಮೆಟೊ ಎಲೆ ಮುದುರುವ ರೋಗದ ವೈರಸ್ ಫೈಸಾಲಿಸ್ ಗಿಡಗಳಲ್ಲಿಯೂ ನೆಲೆಸಬಲ್ಲದು. ಅದನ್ನು ಹೊತ್ತು ತಿರುಗುವ ಬಿಳಿನೊಣಕ್ಕೆ ಎರಡೂ ಗಿಡ ಒಂದೇ. ಟೊಮೆಟೊ ಬೆಳೆ ಮುಗಿದ ಮೇಲೂ ಈ ಗಿಡ ಮಡಿಯಲ್ಲಿ ಉಳಿದರೆ ರೋಗಕ್ಕೆ ಮುಂದಿನ ಬೆಳೆಯವರೆಗೆ ಆಸರೆ ಕೊಟ್ಟಂತಾಗುತ್ತದೆ. ಜೊತೆಗೆ ಒಂದೊಂದು ಹಣ್ಣಿನಲ್ಲಿಯೂ ಬೀಜ ಹೇರಳ. ಹಕ್ಕಿಗಳು ತಿಂದು ಹಾಕಿದ ಅಥವಾ ಗೊಬ್ಬರದೊಂದಿಗೆ ಬಂದ ಇಂಥ ಒಂದು ಬೀಜದಿಂದಲೇ ನಿಮ್ಮ ಗಿಡ ಹುಟ್ಟಿರಬೇಕು. ಉದುರಿದ ಹಣ್ಣುಗಳನ್ನು ಹಾಗೆಯೇ ಬಿಟ್ಟರೆ ಮುಂದೆ ಕಳೆ ತೆಗೆಯುವುದೇ ಕೆಲಸವಾಗುತ್ತದೆ. ಗಿಡದ ಮೇಲೆ ಆಸೆಯಿದ್ದರೆ ನೆಲಕ್ಕೆ ಬಿದ್ದ ಹಣ್ಣಿನ ಬೀಜವನ್ನು ಟೊಮೆಟೊದಿಂದ ದೂರವಿರುವ ಕುಂಡದಲ್ಲಿ ಹಾಕಿ ಬೆಳೆಸಿಕೊಳ್ಳಬಹುದು.

ಚಿತ್ರ ಕಳಿಸುವ ಇತರರಿಗೂ ಇಲ್ಲಿಯೇ ಒಂದು ಕೋರಿಕೆಯಿದೆ. ಹೂವನ್ನು ಎದುರಿನಿಂದಲೂ ಪಕ್ಕದಿಂದಲೂ ತೆಗೆಯಿರಿ. ಎಲೆಗಳು ಕಾಂಡಕ್ಕೆ ಎದುರುಬದುರಾಗಿ ಕೂಡಿವೆಯೇ ಒಂದು ಬಿಟ್ಟು ಒಂದು ಕೂಡಿವೆಯೇ ಎಂಬುದು ಕಾಣುವಂತೆ ರೆಂಬೆಯೊಂದನ್ನು ತೆಗೆಯಿರಿ. ಕಾಯಿಯನ್ನು ಅಡ್ಡಲಾಗಿ ಕತ್ತರಿಸಿ, ಅಳತೆ ತಿಳಿಯುವಂತೆ ಪಕ್ಕದಲ್ಲಿ ಒಂದು ನಾಣ್ಯವನ್ನಿಟ್ಟು ತೆಗೆಯಿರಿ.

ಪ್ರಶ್ನೆ: ನಮ್ಮ ಆಲೂಗಡ್ಡೆ ಮಡಿಯಲ್ಲಿ ಕೆಲವು ಗಿಡಗಳ ತುದಿಯಲ್ಲಿ ಹಸಿರು ಟೊಮೆಟೊದಂಥ ಕಾಯಿಗಳು ಗೊಂಚಲಾಗಿ ಬಿಟ್ಟಿವೆ. ಪಕ್ಕದ ಮಡಿಯಲ್ಲಿ ಟೊಮೆಟೊ ಇದೆ. ಎರಡೂ ಬೆರೆತುಹೋಗಿವೆಯೇ, ಅಥವಾ ಆಲೂಗಡ್ಡೆಯ ನಡುವೆ ಟೊಮೆಟೊ ಗಿಡ ಹುಟ್ಟಿದೆಯೇ? ಹಣ್ಣಾದರೆ ಬಳಸಬಹುದೇ?

ಉತ್ತರ: ಬಳಸಬಾರದು. ಮಿಕ್ಕದ್ದನ್ನು ನಿಧಾನವಾಗಿ ಹೇಳಬಹುದು, ಇದನ್ನು ಮಾತ್ರ ಮೊದಲಿಗೇ ಹೇಳಬೇಕು. ಅವು ಆಲೂಗಡ್ಡೆ ಗಿಡದ್ದೇ ಆದ ಕಾಯಿಗಳು. ಆಲೂಗಡ್ಡೆಯನ್ನು ನಾವು ಗೆಡ್ಡೆಗಾಗಿ ಬೆಳೆಸುವುದರಿಂದಲೂ, ಅನೇಕ ತಳಿಗಳು ಹೂ ಬಿಟ್ಟರೂ ಕಾಯಿ ಕಟ್ಟದೆ ಉದುರಿಸಿಬಿಡುವುದರಿಂದಲೂ ಈ ಕಾಯಿಯನ್ನು ಎಷ್ಟೋ ಬೆಳೆಗಾರರು ನೋಡಿಯೇ ಇರುವುದಿಲ್ಲ. ತಂಪಾದ ಹವೆ ಮತ್ತು ದೀರ್ಘ ಹಗಲು ಕೂಡಿಬಂದಾಗ, ಕಾಯಿ ಕಟ್ಟುವ ಸ್ವಭಾವದ ತಳಿಯಾಗಿದ್ದರೆ, ಹೀಗೆ ಗೊಂಚಲು ಬಿಡುತ್ತದೆ. ಗೆಡ್ಡೆ ಹಸಿರಾದಾಗ ಅದರಲ್ಲಿ ಹೆಚ್ಚುವ ಸೊಲಾನಿನ್ ಮತ್ತು ಚಾಕೊನಿನ್ ಎಂಬ ವಿಷವಸ್ತುಗಳು ಈ ಕಾಯಿಯಲ್ಲಿಯೂ ಇರುತ್ತವೆ. ಬೇಯಿಸಿದ ಮಾತ್ರಕ್ಕೆ ಅವು ನಾಶವಾಗುವುದಿಲ್ಲ.

ಟೊಮೆಟೊ ಗಿಡವೇ ನಡುವೆ ಹುಟ್ಟಿದೆಯೇ ಎಂಬ ಸಂಶಯವನ್ನು ಹೂವು ನೋಡಿ ಪರಿಹರಿಸಿಕೊಳ್ಳಬಹುದು. ಟೊಮೆಟೊ ಹೂವು ಹಳದಿ. ಆಲೂಗಡ್ಡೆಯದು ಬಿಳಿ, ಗುಲಾಬಿ ಅಥವಾ ನೇರಳೆ, ಮಧ್ಯದ ಕೇಸರಗಳು ಮಾತ್ರ ಹಳದಿ. ಹೂವು ಮುಗಿದಿದ್ದರೆ ಎಲೆಯನ್ನು ಉಜ್ಜಿ ಮೂಸಿರಿ, ಟೊಮೆಟೊ ಎಲೆಯ ಕಟು ವಾಸನೆ ಪರಿಚಯವಿದ್ದವರಿಗೆ ತಪ್ಪುವುದಿಲ್ಲ. ಇನ್ನು ಎರಡೂ ಬೆರೆಯುವ ಮಾತು: ದುಂಬಿ ಜೇನುಗಳು ಪರಾಗ ಸಾಗಿಸಿದ ಮಾತ್ರಕ್ಕೆ ಆಲೂಗಡ್ಡೆ, ಟೊಮೆಟೊಗಳು ತೋಟದಲ್ಲಿ ಬೆರೆಯುವುದಿಲ್ಲ. 1978ರಲ್ಲಿ ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಗೇಆರ್ಗ್ ಮೆಲ್ಷರ್ಸ್ ಮತ್ತು ಸಹೋದ್ಯೋಗಿಗಳು ಎರಡೂ ಗಿಡಗಳ ಜೀವಕೋಶಗಳ ಗೋಡೆಯನ್ನು ಕಳಚಿ, ಕೋಶಗಳನ್ನೇ ಒಂದಾಗಿಸಿ ಬೆರಕೆ ಗಿಡವನ್ನು ಪಡೆದರು. ಅದಕ್ಕೆ ಪ್ರಯೋಗಾಲಯವೇ ಬೇಕಾಯಿತು.

ಹಾಗೆಂದು ಆ ಕಾಯಿ ನಿಷ್ಪ್ರಯೋಜಕವಲ್ಲ. ಗೆಡ್ಡೆ ನೆಟ್ಟರೆ ತಾಯಿಗಿಡವೇ ಮರುಕಳಿಸುತ್ತದೆ. ಕಾಯಿಯ ಬೀಜ ಬಿತ್ತಿದರೆ ಒಂದೊಂದು ಸಸಿಯೂ ಒಂದೊಂದು ಬಗೆ. ಹೊಸ ತಳಿಗಳು ಹುಟ್ಟುವುದು ಈ ಬೀಜಗಳಿಂದಲೇ. ಅಮೆರಿಕದ ಲೂಥರ್ ಬರ್ಬ್ಯಾಂಕ್ 1870ರ ದಶಕದ ಆರಂಭದಲ್ಲಿ ತನ್ನ ತೋಟದ ಆಲೂಗಡ್ಡೆ ಗಿಡವೊಂದರಲ್ಲಿ ಅಪರೂಪಕ್ಕೆ ಬಿಟ್ಟ ಒಂದು ಕಾಯಿಯನ್ನು ಕಂಡು, ಅದರ 23 ಬೀಜಗಳನ್ನು ಬೆಳೆಸಿ, ಆ ಸಸಿಗಳಲ್ಲಿ ಒಂದರಿಂದ ತನ್ನ ಹೆಸರಿನ ತಳಿಯನ್ನು ಪಡೆದರು. ಒರಟು ಸಿಪ್ಪೆಯ ರಸೆಟ್ ಬರ್ಬ್ಯಾಂಕ್ ಆ ತಳಿಯಿಂದ ಬಂದದ್ದು. ನಿಮಗೆ ಅಂಥ ಕುತೂಹಲವಿಲ್ಲದಿದ್ದರೆ ಕಾಯಿಗಳನ್ನು ಎಳೆಯವಾಗಿರುವಾಗಲೇ ಚಿವುಟಿ ತೆಗೆಯಿರಿ, ಇಲ್ಲವಾದರೆ ಉದುರಿದ ಬೀಜಗಳಿಂದ ಮುಂದಿನ ಬೆಳೆಯ ನಡುವೆ ಬೇಡದ ಆಲೂ ಸಸಿಗಳು ಏಳುತ್ತವೆ.

ಪ್ರಶ್ನೆ: ಗೊಬ್ಬರದ ಗುಂಡಿಯ ಅಂಚಿನಲ್ಲಿ ತಾನಾಗಿ ಹುಟ್ಟಿದ ಬಳ್ಳಿಯೊಂದು ತರಕಾರಿ ಮಡಿಗೆ ಹಬ್ಬಿ ಕಾಯಿ ಬಿಟ್ಟಿದೆ. ಕಾಯಿ ಜುಕಿನಿಯಷ್ಟು ಉದ್ದವಿಲ್ಲ, ಕುಂಬಳದಷ್ಟು ಗುಂಡಗೂ ಇಲ್ಲ; ಕತ್ತು ಸಣ್ಣದು, ಮೈಮೇಲೆ ಹಸಿರು ಹಳದಿ ಪಟ್ಟೆಗಳು. ಕಳೆದ ಬಾರಿ ಜುಕಿನಿ, ಸೌತೆ ಮತ್ತು ಅಂದಕ್ಕೆಂದು ಬೆಳೆಸಿದ ಬಣ್ಣದ ಪುಟ್ಟ ಕುಂಬಳಗಳು ಅಕ್ಕಪಕ್ಕದಲ್ಲಿದ್ದವು. ಇದು ಸೌತೆ ಮತ್ತು ಕುಂಬಳದ ಬೆರಕೆಯೇ? ಅಡುಗೆಗೆ ಆಗುತ್ತದೆಯೇ?

ಉತ್ತರ: ಸೌತೆಗೆ ಇದರಲ್ಲಿ ಪಾತ್ರವಿಲ್ಲ. ಸೌತೆಯ ಜೀವಕೋಶದಲ್ಲಿ 14 ವರ್ಣತಂತುಗಳು, ಕುಂಬಳದ ಕುಲದಲ್ಲಿ 40. ಅವು ಕೂಡಿ ಬೀಜ ಕಟ್ಟುವುದಿಲ್ಲ. ಆದರೆ ಜುಕಿನಿಯೂ ಅಂದದ ಪುಟ್ಟ ಕುಂಬಳಗಳಲ್ಲಿ ಹೆಚ್ಚಿನವೂ ಕುಕುರ್ಬಿಟ ಪೆಪೊ ಎಂಬ ಒಂದೇ ಪ್ರಭೇದಕ್ಕೆ ಸೇರಿದವು. ನೋಟದಲ್ಲಿ ಎಷ್ಟೇ ಬೇರೆಯಾಗಿದ್ದರೂ ಜೇನುಹುಳು ಒಂದರಿಂದ ಇನ್ನೊಂದಕ್ಕೆ ಹಾರಿದರೆ ಸಾಕು, ಬೀಜ ಬೆರಕೆಯಾಗುತ್ತದೆ. ನೀವು ಕಳಿಸಿದ ಚಿತ್ರದಲ್ಲಿ ಕಾಯಿಯ ತೊಟ್ಟು ಗಟ್ಟಿಯಾಗಿದ್ದು ಐದು ಏಣುಗಳಿಂದ ಕೂಡಿದೆ, ಎಲೆಯ ಕಾಂಡ ಮುಳ್ಳುಮುಳ್ಳಾಗಿದೆ. ಇವು ಆ ಪ್ರಭೇದದ ಗುರುತುಗಳು. ದೊಡ್ಡ ಸಿಹಿಗುಂಬಳಗಳ ಪೈಕಿ ಮ್ಯಾಕ್ಸಿಮ ಪ್ರಭೇದದ ತೊಟ್ಟು ಉರುಟಾಗಿ, ಮೆತ್ತಗೆ ಬೆಂಡಿನಂತಿರುತ್ತದೆ. ಮೊಸ್ಕಾಟ ಪ್ರಭೇದದ ತೊಟ್ಟು ಕಾಯಿಗೆ ಕೂಡುವಲ್ಲಿ ಅಗಲವಾಗಿ ಹರಡಿಕೊಳ್ಳುತ್ತದೆ.

ಕಳೆದ ಬಾರಿಯ ಕಾಯಿಗಳಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲವಲ್ಲ ಎಂದು ನಿಮಗೆ ಅನ್ನಿಸಬಹುದು. ಬೆರಕೆ ನಡೆದದ್ದು ಆಗಲೇ. ಆದರೆ ಕಾಯಿಯ ತಿರುಳು, ಸಿಪ್ಪೆಗಳು ತಾಯಿಬಳ್ಳಿಯವು, ಅವು ಬದಲಾಗುವುದಿಲ್ಲ. ಬದಲಾದದ್ದು ಒಳಗಿನ ಬೀಜ ಮಾತ್ರ, ಅದು ಗುಂಡಿ ಸೇರಿ ಈಗ ಮೊಳೆತಿದೆ. ಗೊಬ್ಬರದ ರಾಶಿ ನಡುವೆ ಚೆನ್ನಾಗಿ ಬಿಸಿಯೇರಿದರೆ ಬೀಜ ಸಾಯುತ್ತದೆ, ಅಂಚಿನಲ್ಲಿ ಆ ಬಿಸಿ ತಲುಪದು.

ಅಡುಗೆಗೆ ಬಳಸಬೇಡಿ ಎಂದೇ ನಾನು ಹೇಳುವುದು. ಅಂದದ ಕುಂಬಳಗಳಲ್ಲಿ ಕುಕುರ್ಬಿಟಾಸಿನ್ ಎಂಬ ತೀವ್ರ ಕಹಿಯ ವಸ್ತುಗಳಿರುತ್ತವೆ. ತರಕಾರಿ ತಳಿಗಳಿಂದ ಇವನ್ನು ಆಯ್ಕೆಯ ಮೂಲಕ ಕಳೆಯಲಾಗಿದೆ, ಬೆರಕೆಯಾದಾಗ ಅವು ಮರಿಬಳ್ಳಿಯಲ್ಲಿ ಮತ್ತೆ ತಲೆಯೆತ್ತುತ್ತವೆ. ಬೇಯಿಸಿದರೆ ಹೋಗುವುದಿಲ್ಲ. ವಾಂತಿ, ಭೇದಿ, ಹೊಟ್ಟೆನೋವು ಸಾಮಾನ್ಯ. 2015ರಲ್ಲಿ ಜರ್ಮನಿಯ ಹೈಡೆನ್‌ಹೈಮ್‌ನಲ್ಲಿ ತೋಟದಲ್ಲಿ ಬೆಳೆದ ಕಹಿ ಜುಕಿನಿಯ ಅಡುಗೆ ಉಂಡ ವೃದ್ಧರೊಬ್ಬರು ಮೃತಪಟ್ಟರು. ಹಸಿ ತುಣುಕನ್ನು ನಾಲಗೆಯ ತುದಿಗೆ ಮುಟ್ಟಿಸಿ ಉಗುಳಿ ನೋಡುವ ಪದ್ಧತಿಯೊಂದಿದೆ, ಮನೆಯಲ್ಲಿ ಬಿತ್ತಿ ಬೆಳೆದ ಜುಕಿನಿಗೂ ಸೋರೆಕಾಯಿಗೂ ಅದು ಒಳ್ಳೆಯ ಅಭ್ಯಾಸವೇ. ಆದರೆ ಒಂದು ಪಾಲು ಅಂದದ ಕುಂಬಳದ್ದೆಂದು ಗೊತ್ತಿರುವ ಬಳ್ಳಿಯ ಕಾಯಿಯನ್ನು ಆ ಪರೀಕ್ಷೆಯವರೆಗೂ ತರುವ ಅಗತ್ಯವಿಲ್ಲ. ಕಾಯಿ ನೋಡಲು ಚೆನ್ನಾಗಿದ್ದರೆ ಒಣಗಿಸಿ ಇಟ್ಟುಕೊಳ್ಳಿ, ಬೀಜ ಮಾತ್ರ ಇಡಬೇಡಿ.

ಪ್ರಶ್ನೆ: ಕಸಿ ಮಾಡಿದ ಬದನೆ ಗಿಡವೊಂದನ್ನು ತಂದು ನೆಟ್ಟಿದ್ದೆ. ಮೊದಲು ಒಳ್ಳೆಯ ಬದನೆಕಾಯಿ ಬಿಟ್ಟಿತು. ಈಗ ಅದೇ ಗಿಡದ ಬುಡದಿಂದ ಮುಳ್ಳಿನ ರೆಂಬೆಗಳು ಎದ್ದು, ಬಿಳಿ ಹೂ ಬಿಟ್ಟು, ಬಟಾಣಿಗಿಂತ ತುಸು ದೊಡ್ಡದಾದ ಹಸಿರು ಕಾಯಿಗಳ ಗೊಂಚಲು ಬಂದಿದೆ. ಗಿಡ ಜಾತಿ ಕೆಟ್ಟಿತೇ?

ಉತ್ತರ: ಕೆಟ್ಟಿಲ್ಲ, ಮೊದಲಿನಿಂದಲೂ ಅಲ್ಲಿ ಎರಡು ಗಿಡಗಳಿದ್ದವು. ಬದನೆಯ ರೆಂಬೆಯನ್ನು ಸುಂಡೆಕಾಯಿ ಗಿಡದ ಬೇರಿನ ಮೇಲೆ ಕಸಿ ಕಟ್ಟುವುದು ರೂಢಿಯಲ್ಲಿದೆ, ಏಕೆಂದರೆ ಸೊಲಾನಮ್ ಟೋರ್ವಮ್ ಎಂಬ ಆ ಗಿಡದ ಬೇರು ಬಾಡುರೋಗವನ್ನೂ ಬೇರುಗಂಟಿನ ಜಂತುಗಳನ್ನೂ ಬದನೆಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ. ನೀವು ವಿವರಿಸಿರುವ ಬಿಳಿ ಹೂ, ಗೊಂಚಲು ಕಾಯಿ, ಅಲ್ಲೊಂದು ಇಲ್ಲೊಂದು ಮುಳ್ಳು ಎಲ್ಲವೂ ಸುಂಡೆಯವೇ. ಬುಡದಿಂದ ಸ್ವಲ್ಪ ಮೇಲೆ ಕಾಂಡ ಉಬ್ಬಿ ಗಂಟಿನಂತಾಗಿರುವ ಜಾಗ ಕಸಿಯ ಕೂಡುಗೆ. ಅದಕ್ಕಿಂತ ಕೆಳಗೆ ಹುಟ್ಟಿದ ರೆಂಬೆಗಳೆಲ್ಲ ಬೇರಿನ ಗಿಡಕ್ಕೆ ಸೇರಿದವು, ಮೇಲೆ ಹುಟ್ಟಿದವು ಬದನೆಗೆ. ಕೆಳಗಿನವು ಬಲು ಬೇಗ ಬೆಳೆದು ಆಹಾರವನ್ನೆಲ್ಲ ತಾವೇ ಎಳೆದುಕೊಂಡರೆ ಬದನೆಯ ಭಾಗ ಸೊರಗಿ ಒಣಗುತ್ತದೆ. ಆದ್ದರಿಂದ ಅವನ್ನು ಅರ್ಧಕ್ಕೆ ಕತ್ತರಿಸದೆ, ಕಾಂಡಕ್ಕೆ ಅಂಟಿದ ಬುಡದವರೆಗೂ ಹರಿತವಾದ ಚಾಕುವಿನಿಂದ ಸವರಿ ತೆಗೆಯಿರಿ. ಮುಂದೆ ಮೊಗ್ಗು ಕಂಡಾಗಲೆಲ್ಲ ಎಳೆಯದಾಗಿರುವಾಗಲೇ ಬೆರಳಿನಿಂದ ಉಜ್ಜಿಬಿಡಿ. ಮಣ್ಣು ಏರಿಸುವಾಗ ಕೂಡುಗೆ ಮುಚ್ಚಿಹೋಗದಂತೆ ನೋಡಿಕೊಳ್ಳಿ, ಮುಚ್ಚಿದರೆ ಬದನೆಯೂ ತನ್ನದೇ ಬೇರು ಬಿಟ್ಟು ಕಸಿಯಿಂದ ಬಂದ ರೋಗನಿರೋಧದ ಲಾಭ ತಪ್ಪಿಹೋಗುತ್ತದೆ.